ಬಂದೂಕಿನಿಂದ ಹೊಡೆದು ಬೀಳಿಸಿದ ಚಿಟ್ಟೆ

ಚಿಟ್ಟೆ ಹಿಡಿಯೋಕೆ ಬಲೆ ಸಾಕು ಅಂದ್ಕೊಂಡಿದ್ದೀರಾ? 1906ರಲ್ಲಿ ಆಲ್ಬರ್ಟ್ ಮೀಕ್ ಅನ್ನೋ ಸಂಗ್ರಾಹಕ ನ್ಯೂಗಿನಿ ದ್ವೀಪದ ಕಾಡಲ್ಲಿ ಒಂದು ಚಿಟ್ಟೆಯನ್ನ ಬಂದೂಕಿನಿಂದ ಹೊಡೆದು ಬೀಳಿಸಿದ. ಅದು ಹಾರ್ತಾ ಇದ್ದಿದ್ದೇ ಅಷ್ಟು ಎತ್ತರದಲ್ಲಿ. ಆ ಚಿಟ್ಟೆ ಇವತ್ತಿಗೂ ಲಂಡನ್ನಿನ ಮ್ಯೂಸಿಯಂನಲ್ಲಿದೆ.

ಮೀಕ್‌ನನ್ನು ಕೆಲಸಕ್ಕೆ ಇಟ್ಟುಕೊಂಡಿದ್ದು ಬ್ಯಾಂಕರ್ ಮನೆತನದ ವಾಲ್ಟರ್ ರಾಥ್‌ಶೀಲ್ಡ್. 1907ರಲ್ಲಿ ಆತ ಈ ಚಿಟ್ಟೆಗೆ ಇಂಗ್ಲೆಂಡಿನ ರಾಣಿಯ ಹೆಸರಿಟ್ಟ: ಕ್ವೀನ್ ಅಲೆಕ್ಸಾಂಡ್ರಾಸ್ ಬರ್ಡ್‌ವಿಂಗ್. ಜಗತ್ತಿನ ಅತಿ ದೊಡ್ಡ ಚಿಟ್ಟೆ ಇದೇ. ಹೆಣ್ಣಿನ ರೆಕ್ಕೆ ಬಿಚ್ಚಿದ್ರೆ ಸುಮಾರು 25 ಸೆಂಟಿಮೀಟರ್, ಬಣ್ಣ ಕಂದು. ಗಂಡು ಚಿಕ್ಕದು, ಆದ್ರೆ ನೀಲಿ-ಹಸಿರಿನ ಮಿಂಚು. ಸ್ವಾಲೋಟೇಲ್ ಕುಟುಂಬಕ್ಕೆ ಸೇರಿದ್ರೂ ರೆಕ್ಕೆಗೆ ಬಾಲ ಮಾತ್ರ ಇಲ್ಲ!

ಇದು ಬದುಕಿರೋದು ಒಂದೇ ಕಡೆ, ಪಪುವಾ ನ್ಯೂಗಿನಿಯ ಓರೊ ಪ್ರಾಂತ್ಯದಲ್ಲಿ. ಮರಿಹುಳು ತಿನ್ನೋದು ನಮ್ಮ ಈಶ್ವರಿ ಬಳ್ಳಿಯ ಸಂಬಂಧಿಯಾದ ಒಂದು ಕಾಡುಬಳ್ಳಿಯನ್ನ. ಆ ಬಳ್ಳಿಯ ವಿಷ ಹುಳುವಿನ ಮೈಗೆ ಸೇರುತ್ತೆ, ಹಾಗಾಗಿ ಹಕ್ಕಿಗಳು ಹತ್ತಿರ ಬರಲ್ಲ. ಆದ್ರೆ ಮರ ಕಡಿದ್ರೆ ಬಳ್ಳಿ ಹೋಗುತ್ತೆ, ಬಳ್ಳಿ ಹೋದ್ರೆ ಚಿಟ್ಟೆಯೂ ಹೋಗುತ್ತೆ.

ಆಗಿದ್ದೂ ಅದೇ. 1951ರಲ್ಲಿ ಲ್ಯಾಮಿಂಗ್ಟನ್ ಜ್ವಾಲಾಮುಖಿ ಸಿಡಿದು ಸುಮಾರು 3,000 ಜನ ಸತ್ತರು. ಚಿಟ್ಟೆಯ ಕಾಡಿನ ದೊಡ್ಡ ಭಾಗವೂ ಸುಟ್ಟುಹೋಯ್ತು. ಆಮೇಲೆ ಬಂದಿದ್ದು ತಾಳೆ ಎಣ್ಣೆಯ ತೋಟಗಳು. ಸುಟ್ಟ ಕಾಡು ಮತ್ತೆ ಚಿಗುರಬಹುದು, ತೋಟ ಆದ ಜಾಗದಲ್ಲಿ ಆ ಬಳ್ಳಿ ಹಬ್ಬೋದು ಹೇಗೆ?

ನಾನು ಕಾಮರ್ಸ್ ಓದಿದವನು, ಲೆಕ್ಕ ನೋಡದೆ ಇರೋಕಾಗಲ್ಲ. 1987ರಿಂದ ಇದರ ಅಂತರರಾಷ್ಟ್ರೀಯ ಮಾರಾಟಕ್ಕೆ ಸೈಟಿಸ್ ಒಪ್ಪಂದದಡಿ ನಿಷೇಧ ಇದೆ. ಕಳ್ಳಸಂತೆಯಲ್ಲಿ ಅದಕ್ಕೆ ಭಾರೀ ಬೆಲೆ. ಅಲ್ಲಿ ಹೆಚ್ಚಿನ ಜಮೀನು ಸ್ಥಳೀಯ ಕುಲಗಳದ್ದು. ತಾಳೆ ಬೆಳೆದ್ರೆ ಕೈಗೆ ಕಾಸು ಬರುತ್ತೆ, ಕಾಡು ಹಾಗೇ ಬಿಟ್ರೆ ಚಿಟ್ಟೆಯಿಂದ ಒಂದು ಪೈಸೆಯೂ ಇಲ್ಲ. ಮಕ್ಕಳ ಫೀಸು ಕಟ್ಟಬೇಕಾದ ಅಪ್ಪ ಯಾವುದನ್ನ ಆರಿಸ್ತಾನೆ? ಅದಕ್ಕೇ, ಚಿಟ್ಟೆ ಸಾಕಿ ಒಂದಷ್ಟನ್ನ ಕಾನೂನುಬದ್ಧವಾಗಿ ಮಾರೋಕೆ ಬಿಡಿ ಅಂತ ಕೆಲವು ತಜ್ಞರು ವಾದಿಸಿದ್ದಾರೆ. ಆ ನೆಪದಲ್ಲಿ ಕಾಡಿನ ಚಿಟ್ಟೆಗಳೇ ಮಾರುಕಟ್ಟೆಗೆ ಬರಬಹುದು ಅನ್ನೋ ಭಯವೂ ಸುಳ್ಳಲ್ಲ. ನನ್ನ ಮಟ್ಟಿಗೆ, ಕಾಡು ಉಳಿಸಿದವರಿಗೆ ಆದಾಯ ಸಿಗದೆ ಬರೀ ನಿಷೇಧದಿಂದ ಈ ಚಿಟ್ಟೆ ಉಳಿಯಲ್ಲ.

ಒಂದು ಒಳ್ಳೆ ಸುದ್ದಿಯೂ ಇದೆ. 2017ರಲ್ಲಿ ಇದೇ ಪ್ರಾಂತ್ಯದ ಮನಗಲಾಸ್ ಪ್ರಸ್ಥಭೂಮಿಯ ಸುಮಾರು 3.6 ಲಕ್ಷ ಹೆಕ್ಟೇರ್ ಸಂರಕ್ಷಿತ ಪ್ರದೇಶ ಅಂತ ಘೋಷಣೆಯಾಯ್ತು. ಅದಕ್ಕಾಗಿ ಅಲ್ಲಿನ ಜನ ವರ್ಷಗಟ್ಟಲೆ ಪಟ್ಟು ಹಿಡಿದಿದ್ರು.

ಅಂದಹಾಗೆ, ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಕೂಡ ಇದರ ನೆಂಟನೇ. ಅದರ ಮರಿಹುಳು ತಿನ್ನೋದೂ ಈಶ್ವರಿ ಬಳ್ಳಿಯನ್ನ. ಮುಂದಿನ ಸಲ ಮಲೆನಾಡಿಗೆ ಹೋದಾಗ ಚಿಟ್ಟೆ ಫೋಟೊ ತೆಗೆಯೋ ಮುಂಚೆ ಬೇಲಿ ಮೇಲಿನ ಆ ಬಳ್ಳಿ ಇನ್ನೂ ಇದೆಯಾ ಅಂತ ನೋಡಿ. ಸಿಗೋಣ.