ಮೂರು ಭಾಗವಾಗಿ ಬಿಚ್ಚುವ ಕೋವಿ

ಜೋಡಿ ನಳಿಗೆಯ ತೋಟಾ ಕೋವಿ, 12 ಬೋರ್
ಉಕ್ಕು, ಅಕ್ರೋಟ್ ಮರ. 20ನೇ ಶತಮಾನದ ಮಾದರಿ

ಕೊಡಗು, ಮಲೆನಾಡಿನ ಮನೆಗಳಲ್ಲಿ ಬೆಳೆ ಕಾಯಲು, ಬೇಟೆಯಾಡಲು ಬಳಸುತ್ತಿದ್ದ ಕೋವಿ ಇದು. ಬರ್ಮಿಂಗ್‌ಹ್ಯಾಮಿನ ಆನ್ಸನ್ ಮತ್ತು ಡೀಲಿ 1875ರಲ್ಲಿ ಪೇಟೆಂಟ್ ಪಡೆದ ವಿನ್ಯಾಸ ಇದರ ಮೂಲ. ಮದ್ರಾಸಿನ ಮೌಂಟ್ ರೋಡಿನಲ್ಲಿ ಪಿ. ಓರ್ ಅಂಡ್ ಸನ್ಸ್ ಮಳಿಗೆ ಗಡಿಯಾರ, ಒಡವೆಗಳ ಜೊತೆಗೆ ಬೇಟೆಯ ಕೋವಿಗಳನ್ನೂ ಮಾರುತ್ತಿತ್ತು.

ನಳಿಗೆ, ಅದರಡಿಯ ಮರ, ಹಿಂದಿನ ಹಿಡಿ ಮೂರನ್ನೂ ಬರಿಗೈಯಲ್ಲಿ ಬಿಚ್ಚಬಹುದು. ತೋಟಾವನ್ನು ಕೈಯಿಂದಲೇ ತುಂಬುವುದರಿಂದ ಅದು ನಡುವೆ ಸಿಕ್ಕಿಕೊಳ್ಳುವ ಭಯವಿಲ್ಲ. ಮಳೆಗಾಲದಲ್ಲಿ ಕಾಗದದ ತೋಟಾ ತೇವಕ್ಕೆ ಉಬ್ಬುತ್ತಿತ್ತು, ಉಕ್ಕಿಗೆ ತುಕ್ಕು ಹಿಡಿಯುತ್ತಿತ್ತು. ಒರೆಸಿ ಎಣ್ಣೆ ಹಚ್ಚಿದರೆ ಕೋವಿ ತಲೆಮಾರುಗಟ್ಟಲೆ ಬಾಳುತ್ತಿತ್ತು.

ಅಮೆರಿಕದ ಆರ್ಮಲೈಟ್ ಕಂಪನಿ 1959ರಲ್ಲಿ ತಂದ ಎಆರ್-7 ರೈಫಲ್ ಕೂಡ ಬಿಚ್ಚಿ ಒಯ್ಯುವಂಥದ್ದೇ. ಅದರ ಭಾಗಗಳೆಲ್ಲ ಟೊಳ್ಳು ಹಿಡಿಯೊಳಗೆ ಅಡಗುತ್ತವೆ. ಆದರೆ ಗುಂಡುಗಳು ಮ್ಯಾಗಜೀನಿನಿಂದ ತಾವಾಗಿ ಏರಬೇಕು. ಮ್ಯಾಗಜೀನಿನ ತುಟಿ ಸ್ವಲ್ಪ ಬಾಗಿದರೂ ಗುಂಡು ಸಿಕ್ಕಿಕೊಳ್ಳುತ್ತದೆ.

ಗಮನಿಸಿ: ನಳಿಗೆಯ ಬುಡದಲ್ಲಿರುವ ಉಕ್ಕಿನ ಕೊಕ್ಕೆ. ಇದು ಎದುರಿನ ಅಡ್ಡಗೂಟಕ್ಕೆ ಬಿಗಿಯಾಗಿ ಕೂತರಷ್ಟೇ ಕೋವಿ ಭದ್ರ. ಹಳೆಯ ಕೋವಿಯನ್ನು ಪರೀಕ್ಷಿಸುವವರು ಮೊದಲು ನೋಡುವುದು ಇಲ್ಲಿ ಅಲುಗಾಟವಿದೆಯೇ ಎಂದು.

ಕೊಡವರು ಸೆಪ್ಟೆಂಬರ್ 3ರ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜಿಸುತ್ತಾರೆ. ಸಾವಿನ ಮನೆಯಲ್ಲಿ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವ ಪದ್ಧತಿಯೂ ಇದೆ. ಕೊಡವರಿಗೆ ಮತ್ತು ಜಮ್ಮಾ ಎಂಬ ವಂಶಪಾರಂಪರ್ಯದ ಜಮೀನು ಹಿಡುವಳಿದಾರರಿಗೆ ಕೋವಿ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ 10 ವರ್ಷ ಮುಂದುವರಿಸಿತು.