ಫಲ್ಗುಣಿ ನದಿ

ಫಲ್ಗುಣಿ: ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಪಶ್ಚಿಮಕ್ಕೆ ಹರಿಯುವ ನದಿ. ಗುರುಪುರ ಹೊಳೆ, ಕೂಳೂರು ಹೊಳೆ ಎಂಬ ಹೆಸರುಗಳೂ ಇವೆ. ಬೆಳ್ತಂಗಡಿ ತಾಲೂಕಿನ ಪಶ್ಚಿಮ ಘಟ್ಟದ ತಪ್ಪಲಲ್ಲಿ ಹುಟ್ಟಿ ಬಂಟ್ವಾಳ, ಮೂಡುಬಿದಿರೆ ಸೀಮೆಯನ್ನು ಹಾದು, ಮಂಗಳೂರಿನ ಅಳಿವೆಯಲ್ಲಿ ನೇತ್ರಾವತಿಯೊಡನೆ ಅರಬ್ಬಿ ಸಮುದ್ರ ಸೇರುತ್ತದೆ. ದಕ್ಷಿಣಕ್ಕೆ ನೇತ್ರಾವತಿಯ, ಉತ್ತರಕ್ಕೆ ಶಾಂಭವಿ ಮತ್ತು ನಂದಿನಿಯ ಕಣಿವೆಗಳಿವೆ.

ಹರಿವು: ಮಳೆಗಾಲದಲ್ಲಿ ದಡ ಮೀರಿ ಹರಿಯುವ ಹೊಳೆ ಬೇಸಗೆಯಲ್ಲಿ ಸೊರಗುತ್ತದೆ. ಮಳೆ ನಿಂತ ಮೇಲೆ ಕಿಂಡಿ ಅಣೆಕಟ್ಟುಗಳಿಗೆ ಹಲಗೆ ಇಳಿಸಿ ನೀರು ನಿಲ್ಲಿಸುತ್ತಾರೆ. ಮುಂದಿನ ಮಳೆಗೆ ಮುಂಚೆ ಹಲಗೆ ತೆಗೆಯುತ್ತಾರೆ. ಹೀಗೆ ನಿಂತ ನೀರಿನಿಂದ ದಂಡೆಯ ಅಡಿಕೆ, ತೆಂಗಿನ ತೋಟಗಳು ಬದುಕುತ್ತವೆ, ಬಾವಿಗಳಲ್ಲೂ ನೀರು ಉಳಿಯುತ್ತದೆ. ಬಜಪೆ ಸಮೀಪದ ಮರವೂರಿನಲ್ಲಿ ಇಂಥದೊಂದು ಅಣೆಕಟ್ಟು ಇದೆ. ಕೂಳೂರಿನಿಂದ ಕೆಳಗೆ ಭರತ ಇಳಿತದ ಉಪ್ಪುನೀರಿನ ಪ್ರಭಾವವಿದೆ. ಕಡಲ ಹತ್ತಿರ ಬಂದ ನದಿ ತಕ್ಷಣ ಸಮುದ್ರ ಸೇರದೆ, ತಣ್ಣೀರುಬಾವಿ, ಬೆಂಗ್ರೆಯ ಮರಳುದಿಣ್ಣೆಗೆ ಸಮಾನಾಂತರವಾಗಿ ದಕ್ಷಿಣಕ್ಕೆ ಸಾಗುತ್ತದೆ.

ಇತಿಹಾಸ: ಮೇಲ್ಭಾಗದ ದಂಡೆಯಲ್ಲಿರುವ ವೇಣೂರು ಅಜಿಲ ಅರಸರ ನೆಲೆಯಾಗಿತ್ತು. ತಿಮ್ಮಣ್ಣ ಅಜಿಲ 1604ರಲ್ಲಿ ಇಲ್ಲಿ ಸುಮಾರು 35 ಅಡಿ ಎತ್ತರದ ಬಾಹುಬಲಿಯ ಏಕಶಿಲಾ ಮೂರ್ತಿಯನ್ನು ಸ್ಥಾಪಿಸಿದ. ಇದೇ ನದಿಯ ದಂಡೆಯಲ್ಲಿರುವ ಬಂಟ್ವಾಳ ತಾಲೂಕಿನ ಪೊಳಲಿಯಲ್ಲಿ ರಾಜರಾಜೇಶ್ವರಿ ದೇವಾಲಯವಿದೆ. ಇಲ್ಲಿನ ಮೂಲವಿಗ್ರಹ ಮಣ್ಣಿನದು. ಜಾತ್ರೆಯಲ್ಲಿ ನಡೆಯುವ ಪೊಳಲಿ ಚೆಂಡು ಎಂಬ ಚೆಂಡಾಟ ತುಳುನಾಡಿಗೆಲ್ಲ ಪ್ರಸಿದ್ಧ. ಸುತ್ತಲಿನ ಗದ್ದೆಗಳಲ್ಲಿ ಬೆಳೆದ ಕಲ್ಲಂಗಡಿಯನ್ನು ಜಾತ್ರೆಗೆ ಬಂದವರು ಪ್ರಸಾದವೆಂದೇ ಮನೆಗೆ ಒಯ್ಯುತ್ತಾರೆ. ಮಂಗಳೂರಿನ ಹಳೆಯ ಬಂದರು ಬೆಳೆದದ್ದು ಈ ನದಿಮುಖದಲ್ಲೇ. ಶತ್ರುನೌಕೆಗಳು ಒಳಬರದಂತೆ ಟಿಪ್ಪು ಸುಲ್ತಾನ್ 1784ರಲ್ಲಿ ಬೋಳೂರಿನಲ್ಲಿ ಕಟ್ಟಿಸಿದ ಕಾವಲುಕೋಟೆ ಸುಲ್ತಾನ್ ಬತೇರಿ ಇಂದಿಗೂ ದಡದಲ್ಲಿದೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬೆಳೆದ ಮಂಗಳೂರು ಹೆಂಚಿನ ಉದ್ಯಮಕ್ಕೆ ಫಲ್ಗುಣಿ, ನೇತ್ರಾವತಿ ದಂಡೆಗಳ ಜೇಡಿಮಣ್ಣೇ ಆಧಾರವಾಯಿತು.

ಇಂದಿನ ಸ್ಥಿತಿ: 2018ರ ಜೂನ್ 25ರಂದು ಬಂಟ್ವಾಳ ತಾಲೂಕಿನ ಮೂಲರಪಟ್ನದಲ್ಲಿ ಸೇತುವೆ ಕುಸಿದು ಎರಡು ದಂಡೆಗಳ ನಡುವಿನ ಸಂಚಾರ ಕಡಿದುಹೋಯಿತು. ಸೇತುವೆಯ ಬಳಿ ನಡೆದ ಮರಳುಗಾರಿಕೆಯೇ ಇದಕ್ಕೆ ಕಾರಣವೆಂದು ಸ್ಥಳೀಯರು ದೂರಿದರು. 2021ರ ಜೂನ್‌ನಲ್ಲಿ ಮರವೂರಿನ ಸೇತುವೆಯೂ ಕುಸಿದು ವಿಮಾನ ನಿಲ್ದಾಣದ ರಸ್ತೆಯ ಸಂಚಾರ ನಿಂತಿತು. ಹೊಳೆಯ ಮರಳು ಕೇವಲ ಮಾರಾಟದ ಸರಕಲ್ಲ. ಸೇತುವೆಯ ಕಂಬಗಳಿಗೆ ಆಸರೆಯೂ ದಂಡೆಯ ಬಾವಿಗಳಿಗೆ ನೀರಿನ ಆಧಾರವೂ ಅದೇ. ಅದನ್ನು ಮಿತಿಯಲ್ಲಿ ತೆಗೆದರೆ ಮಾತ್ರ ಫಲ್ಗುಣಿಯ ದಂಡೆಯ ಊರುಗಳು ಸುರಕ್ಷಿತ.