ಹಳೆಯ ರೀಲ್ ಕೊಳ್ಳುವ ಮುನ್ನ

ಬಳಸಿದ ಮೀನುಗಾರಿಕೆ ರೀಲ್ ಮಾರುವವರು ಸಾಮಾನ್ಯವಾಗಿ ಹೇಳುವ ಮಾತು ಒಂದೇ: ಚೆನ್ನಾಗಿ ತಿರುಗುತ್ತದೆ. ಕೊಳ್ಳುವವರಿಗೆ ಇದರಿಂದ ತಿಳಿಯುವುದು ಬಹಳ ಕಡಿಮೆ. ಹಲ್ಲು ಸವೆದ ರೀಲೂ ತಿರುಗುತ್ತದೆ, ಒಳಗೆ ಉಪ್ಪುನೀರು ಹೊಕ್ಕ ರೀಲೂ ಕೆಲವು ದಿನ ತಿರುಗುತ್ತದೆ. ಐವತ್ತು ಅರವತ್ತು ವರ್ಷ ಹಳೆಯ ಸ್ಪಿನ್ನಿಂಗ್ ರೀಲಿನ ಯಾವ ಭಾಗವನ್ನು ಕಣ್ಣಿನಿಂದ ನೋಡಬೇಕು, ಯಾವುದನ್ನು ಬೆರಳಿನಿಂದ ಮುಟ್ಟಬೇಕು ಎಂಬುದನ್ನು ಅದರ ಚರಿತ್ರೆಯೇ ತಿಳಿಸುತ್ತದೆ. ಈ ಪುಟ್ಟ ಯಂತ್ರವನ್ನು ರೂಪಿಸಿದವರು ಎದುರಾದ ಒಂದೊಂದು ತೊಡಕಿಗೂ ಒಂದೊಂದು ಭಾಗವನ್ನು ಸೇರಿಸುತ್ತ ಬಂದರು. ಸವೆತ ಮೊದಲು ಕಾಣಿಸಿಕೊಳ್ಳುವುದೂ ಹೆಚ್ಚಾಗಿ ಅದೇ ಭಾಗಗಳಲ್ಲಿ.

ಮೊದಲ ತೊಡಕು ಎಸೆತದ್ದು. ಹಳೆಯ ಬಗೆಯ ರೀಲಿನಲ್ಲಿ ಗಾಳವನ್ನು ದೂರಕ್ಕೆ ಎಸೆದಾಗ ದಾರದ ಜೊತೆ ಉರುಳೆಯೂ ತಿರುಗಬೇಕಿತ್ತು. ಹಗುರವಾದ ಗಾಳಕ್ಕೆ ಉರುಳೆಯನ್ನು ತಿರುಗಿಸುವಷ್ಟು ಬಲ ಇರುವುದಿಲ್ಲ. ಗಾಳ ಭಾರವಾಗಿದ್ದರೆ ಅದು ನೀರಿಗೆ ಬಿದ್ದ ಮೇಲೂ ಉರುಳೆ ಸುತ್ತುತ್ತಲೇ ಇದ್ದು, ದಾರವೆಲ್ಲ ಹಕ್ಕಿಗೂಡಿನಂತೆ ಸಿಕ್ಕಾಗುತ್ತದೆ. ಸ್ಕಾಟ್‌ಲೆಂಡಿನ ಪರ್ತ್ ಊರಿನ ಪೀಟರ್ ಮ್ಯಾಲಕ್ 1884ರಲ್ಲಿ ಇದಕ್ಕೊಂದು ಉಪಾಯ ಹುಡುಕಿದ. ಎಸೆಯುವಾಗ ಉರುಳೆಯನ್ನು ಕಾಲು ಸುತ್ತು ಹೊರಳಿಸಿ, ಅದರ ಬದಿಯಿಂದ ದಾರ ಜಾರುವಂತೆ ಮಾಡಿದ. ಎಸೆತ ಸಲೀಸಾಯಿತು, ಆದರೆ ಪ್ರತಿ ಎಸೆತಕ್ಕೂ ದಾರ ತಿರುಚಿಕೊಳ್ಳತೊಡಗಿತು.

ಪರಿಹಾರ ಬಂದದ್ದು ಬಟ್ಟೆಯ ಊರಿನಿಂದ. ಇಂಗ್ಲೆಂಡಿನ ಬ್ರಾಡ್‌ಫರ್ಡ್ ಉಣ್ಣೆ ಗಿರಣಿಗಳಿಗೆ ಹೆಸರಾದ ನಗರ. ಅಲ್ಲಿನ ಗಿರಣಿ ಮನೆತನದ ಆಲ್ಫ್ರೆಡ್ ಇಲ್ಲಿಂಗ್‌ವರ್ತ್ 1905ರಲ್ಲಿ ಪಡೆದ ಪೇಟೆಂಟಿನಲ್ಲಿ ಉರುಳೆ ತಿರುಗುವುದೇ ಇಲ್ಲ. ಎಸೆದಾಗ ದಾರ ಅದರ ತುದಿಯಿಂದ ಸುರುಳಿ ಸುರುಳಿಯಾಗಿ ಜಾರುತ್ತದೆ. ಹಿಡಿಕೆ ತಿರುಗಿಸಿದಾಗ ಒಂದು ಕೊಕ್ಕೆ ಉರುಳೆಯ ಸುತ್ತ ಸುತ್ತಿ ದಾರವನ್ನು ಮತ್ತೆ ಅದರ ಮೇಲೆ ಹಾಕುತ್ತದೆ. ಮಗ್ಗ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಲಾಳಿಯೊಳಗಿನ ಕಂಡಿಕೆ ಅಲುಗದೆ ಕೂತಿದ್ದರೂ ಅದರ ತುದಿಯಿಂದ ನೂಲು ತಡೆಯಿಲ್ಲದೆ ಬಿಚ್ಚಿಕೊಳ್ಳುತ್ತದೆ. ಗಿರಣಿಯ ಕಂಡಿಕೆಗಳನ್ನು ನೋಡಿಯೇ ಇಲ್ಲಿಂಗ್‌ವರ್ತ್‌ಗೆ ಇದು ಹೊಳೆಯಿತು ಎಂಬ ಮಾತು ಬಹಳ ಕಾಲದಿಂದ ಪ್ರಚಾರದಲ್ಲಿದೆ. ಹೆಸರಿನಲ್ಲಿರುವ ‘ಸ್ಪಿನ್ನಿಂಗ್’ ಮಾತ್ರ ನೂಲುವುದಕ್ಕೂ ಉರುಳೆಗೂ ಸಂಬಂಧಿಸಿದ್ದಲ್ಲ. ನೀರಿನಲ್ಲಿ ಗಿರಗಿರನೆ ತಿರುಗುವ ಹುಸಿಮೀನು ಬಳಸಿ ಗಾಳ ಹಾಕುವುದಕ್ಕೆ ಇಂಗ್ಲಿಷರು ಮೊದಲಿನಿಂದ ಇಟ್ಟ ಹೆಸರು ಅದು. ಉರುಳೆ ತಿರುಗದ ರೀಲಿಗೆ ತಿರುಗುವ ಹೆಸರು ಅಂಟಿಕೊಂಡಿತು.

ಕೊಕ್ಕೆಗೆ ದಾರವನ್ನು ಪ್ರತಿ ಸಲ ಬೆರಳಿನಿಂದಲೇ ಸಿಕ್ಕಿಸಬೇಕಿತ್ತು. ಇಂಗ್ಲೆಂಡಿನ ಆಲ್ನಿಕ್ ಊರಿನ ಹಾರ್ಡಿ ಕಂಪನಿ 1930ರ ದಶಕದ ಆರಂಭದಲ್ಲಿ ಆಲ್ಟೆಕ್ಸ್ ಎಂಬ ರೀಲಿನಲ್ಲಿ ಈ ಕೆಲಸವನ್ನು ತಂತಿಯ ಕಮಾನಿಗೆ ವಹಿಸಿತು. ಅದೇ ಬೇಲ್. ಎಸೆಯುವ ಮುನ್ನ ಅದನ್ನು ತೆರೆಯಬೇಕು. ಆಮೇಲೆ ಹಿಡಿಕೆ ತಿರುಗಿಸಿದರೆ ಅದು ತಾನಾಗಿ ಮುಚ್ಚಿಕೊಂಡು ದಾರವನ್ನು ಹಿಡಿಯುತ್ತದೆ. ಹಳೆಯ ರೀಲಿನಲ್ಲಿ ಮೊದಲು ಸೋಲುವುದು ಈ ಬೇಲಿನ ಸ್ಪ್ರಿಂಗ್. ಹಾಗಾಗಿ ಹತ್ತಾರು ಸಲ ತೆರೆದು, ಹಿಡಿಕೆಯನ್ನು ನಿಧಾನವಾಗಿಯೇ ತಿರುಗಿಸಿ ಮುಚ್ಚಿ ನೋಡಬೇಕು. ಜೋರಾಗಿ ತಿರುಗಿಸಿದರೆ ಸತ್ತ ಸ್ಪ್ರಿಂಗಿನ ದೋಷವೂ ಮುಚ್ಚಿಹೋಗುತ್ತದೆ. ಅರ್ಧ ದಾರಿಯಲ್ಲಿ ನಿಲ್ಲುವ ಬೇಲ್ ಎಂದರೆ ಸ್ಪ್ರಿಂಗ್ ಸತ್ತಿದೆ, ಇಲ್ಲವೇ ರೀಲ್ ಎಂದೋ ಕೆಳಗೆ ಬಿದ್ದು ತಂತಿ ಬಾಗಿದೆ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ದಾರವೇ ಬದಲಾಯಿತು. ಅಲ್ಲಿಯವರೆಗೆ ರೇಷ್ಮೆ ದಾರ ಇತ್ತು, ಬಳಸಿದಾಗಲೆಲ್ಲ ಅದನ್ನು ಬಿಚ್ಚಿ ಒಣಗಿಸಬೇಕಿತ್ತು. ಅಮೆರಿಕದ ಡ್ಯೂಪಾಂಟ್ 1938ರಲ್ಲಿ ಪ್ರಕಟಿಸಿದ ನೈಲಾನ್ ಎಳೆಯ ದಾರವಾಗಿ ಬಂದಾಗ ಸ್ಪಿನ್ನಿಂಗ್ ರೀಲ್ ಜನಸಾಮಾನ್ಯರ ಕೈಗೆ ಹತ್ತಿತು. ಆದರೆ ನೈಲಾನ್ ತನ್ನದೇ ಗಾಯಗಳನ್ನೂ ಮಾಡಿತು. ಬೇಲಿನ ತುದಿಯಲ್ಲಿ ದಾರ ಹಾಯುವ ಪುಟ್ಟ ರೋಲರ್ ಸಿಕ್ಕಿಕೊಂಡು ತಿರುಗದೆ ನಿಂತರೆ, ಅದೇ ಜಾಗವನ್ನು ದಾರ ಉಜ್ಜಿ ಉಜ್ಜಿ ಗೀರು ಕೊರೆಯುತ್ತದೆ. ಆ ಗೀರು ಮುಂದೆ ದಾರವನ್ನೇ ಕತ್ತರಿಸುತ್ತದೆ. ಬರಿಗಣ್ಣಿಗೆ ಕಾಣದ ಗೀರು ಉಗುರಿಗೆ ಸಿಗುತ್ತದೆ, ಅಥವಾ ಹತ್ತಿಯ ಎಳೆಯೊಂದನ್ನು ಎಳೆದು ನೋಡಿದರೆ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಉರುಳೆಯ ಅಂಚನ್ನೂ ಹೀಗೆಯೇ ಸವರಿ ನೋಡಬೇಕು. ಹಿಗ್ಗಿದ ಸ್ಥಿತಿಯಲ್ಲಿ ಬಿಗಿಯಾಗಿ ಸುತ್ತಿಕೊಂಡ ನೈಲಾನ್ ಮತ್ತೆ ಕುಗ್ಗುವಾಗ ಉರುಳೆಯನ್ನು ಹಿಸುಕುತ್ತದೆ. ಆದ್ದರಿಂದ ಪ್ಲಾಸ್ಟಿಕ್ ಉರುಳೆಯಾದರೆ ಬಿರುಕಿದೆಯೇ ಎಂದು ನೋಡುವುದು ಅಗತ್ಯ.

ನೈಲಾನಿನ ಆ ಕಾಲದಲ್ಲೇ ಪ್ರಸಿದ್ಧಿಗೆ ಬಂದದ್ದು ಫ್ರಾನ್ಸಿನ ಮಿಚೆಲ್. ಆಲ್ಪ್ಸ್ ತಪ್ಪಲಿನ ಕ್ಲೂಸ್ ಗಡಿಯಾರದ ಬಿಡಿಭಾಗಗಳ ಊರು. 1848ರಲ್ಲಿ ಅಲ್ಲಿ ಗಡಿಯಾರ ಕೆಲಸ ಕಲಿಸುವ ಶಾಲೆ ಆರಂಭವಾದಾಗ ಅದಿನ್ನೂ ಸಾರ್ಡೀನಿಯ ರಾಜ್ಯದಲ್ಲಿತ್ತು, ಫ್ರಾನ್ಸಿಗೆ ಸೇರಿದ್ದು 1860ರಲ್ಲಿ. ಪುಟ್ಟ ಹಲ್ಲುಚಕ್ರಗಳಲ್ಲಿ ಪಳಗಿದ ಆ ಊರಿನ ಕಾರ್ಪಾನೊ ಮತ್ತು ಪೋನ್ಸ್ ಕಂಪನಿ 1940ರ ದಶಕದ ಕೊನೆಯ ಹೊತ್ತಿಗೆ ಮೊಟ್ಟೆಯಾಕಾರದ ಕಪ್ಪು ರೀಲನ್ನು ಮಾರುಕಟ್ಟೆಗೆ ತಂದಿತು. ಇದರ ಗುರುತು ಹಿಡಿಯುವುದು ಕಷ್ಟವಲ್ಲ. ತೀರ ಹಳೆಯವುಗಳಲ್ಲಿ ಪೂರ್ಣ ಕಮಾನಿನ ಬದಲು ಅರ್ಧ ಬೇಲ್ ಇರುತ್ತದೆ. ನಂತರದವುಗಳ ಮೇಲೆ ಮಾದರಿಯ ಸಂಖ್ಯೆ ಇರುತ್ತದೆ: ಎಡಗೈಯಿಂದ ಸುತ್ತುವುದು 300, ಬಲಗೈಯದು 301, ಹಗುರ ಗಾಳಕ್ಕೆ 308, ಕಡಲ ಮೀನಿಗೆ ದೊಡ್ಡದಾದ 302. ಅಮೆರಿಕದಲ್ಲಿ ಮಾರಿದವುಗಳ ಮೇಲೆ ಅಲ್ಲಿನ ವಿತರಕರಾದ ಗಾರ್ಸಿಯಾ ಹೆಸರೂ ಇರುತ್ತದೆ. ‘ಮೇಡ್ ಇನ್ ಫ್ರಾನ್ಸ್’ ಎಂಬ ಮುದ್ರೆಯನ್ನು ಮರೆಯದೆ ಹುಡುಕಬೇಕು, ಏಕೆಂದರೆ ಮುಂದೆ ಇದೇ ಹೆಸರು ಹೊತ್ತ ರೀಲುಗಳು ಏಷ್ಯಾದಲ್ಲಿ ತಯಾರಾದವು.

ಗಡಿಯಾರದವರ ಕೆಲಸದ ಗುಣವನ್ನು ಕೈಯಿಂದಲೇ ತಿಳಿಯಬಹುದು. ಹಿಡಿಕೆಯನ್ನು ನಿಧಾನವಾಗಿ ಸುತ್ತಿದಾಗ ಪ್ರತಿ ಸುತ್ತಿಗೂ ಅದೇ ಜಾಗದಲ್ಲಿ ತಡೆ ಸಿಕ್ಕರೆ ಹಲ್ಲು ಮುರಿದಿದೆ ಇಲ್ಲವೇ ಸವೆದಿದೆ ಎಂದರ್ಥ. ಎಲ್ಲೆಡೆ ಒಂದೇ ಸಮನೆ ಬಿಗಿಯಾಗಿದ್ದರೆ ಹೆಚ್ಚಾಗಿ ಹಳೆಯ ಗ್ರೀಸ್ ಗಟ್ಟಿಯಾಗಿರುತ್ತದೆ, ತೊಳೆದರೆ ಹೋಗುತ್ತದೆ. ಮರಳು ಅರೆದಂಥ ಸದ್ದು ಬಂದರೆ ಬಿಚ್ಚಿ ನೋಡದೆ ಕೊಳ್ಳಬಾರದು. ಹಿಮ್ಮುಖ ತಡೆಯ ಸನ್ನೆ ಹಾಕಿ ಹಿಡಿಕೆಯನ್ನು ಹಿಂದಕ್ಕೆ ಒತ್ತಿದಾಗ ಅದು ಗಟ್ಟಿಯಾಗಿ ನಿಲ್ಲಬೇಕು. ಸ್ಕ್ರೂಗಳ ತಲೆ ಹರಿದಿದ್ದರೆ ಯಾರೋ ತಪ್ಪು ಸಲಕರಣೆಯಿಂದ ಒಳಗೆ ಕೈಹಾಕಿದ್ದಾರೆ. ಬಣ್ಣ ಗುಳ್ಳೆ ಎದ್ದು ಅದರಡಿ ಬಿಳಿ ಪುಡಿ ಕಂಡರೆ ಅದು ಉಪ್ಪುನೀರಿನ ಕೆಲಸ.

ಕೊನೆಯದು ಡ್ರ್ಯಾಗ್. ಮೀನು ಜಗ್ಗಿದಾಗ ದಾರ ತುಂಡಾಗದಂತೆ ಸ್ವಲ್ಪ ಸ್ವಲ್ಪವೇ ಬಿಟ್ಟುಕೊಡುವ ಬಿರಿ ಇದು. ಮಿಚೆಲ್‌ನಲ್ಲಿ ಉರುಳೆಯ ಮುಂದಿನ ಗುಂಡಿಯಿಂದ, 1960ರ ದಶಕದಲ್ಲಿ ಸ್ವೀಡನ್ನಿನ ಆಬು ತಂದ ಕಾರ್ಡಿನಲ್‌ನಲ್ಲಿ ಹಿಂಬದಿಯ ಗುಂಡಿಯಿಂದ ಇದನ್ನು ಬಿಗಿ ಮಾಡುತ್ತಾರೆ. ಬಿಗಿ ಮಾಡಿಯೇ ವರ್ಷಗಟ್ಟಲೆ ಇಟ್ಟ ರೀಲಿನಲ್ಲಿ ಒಳಗಿನ ಮೆತ್ತನೆಯ ಬಿಲ್ಲೆಗಳು ಚಪ್ಪಟೆಯಾಗಿರುತ್ತವೆ. ಗುಂಡಿಯನ್ನು ಅರ್ಧ ಬಿಗಿ ಮಾಡಿ ದಾರ ಎಳೆದರೆ ಅದು ಎಣ್ಣೆಯಂತೆ ಹರಿದು ಬರಬೇಕು. ತಡೆದು ತಡೆದು ಬಂದರೆ ದೊಡ್ಡ ಮೀನು ಸಿಕ್ಕ ದಿನ ದಾರ ತುಂಡಾಗುವುದು ಖಚಿತ.

ಇಷ್ಟೆಲ್ಲ ನೋಡಬೇಕಾದದ್ದು ಏಕೆಂದರೆ ಕೆಟ್ಟ ಭಾಗವನ್ನು ಬದಲಿಸಲು ಅಂಗಡಿಗೆ ಹೋಗುವ ಕಾಲ ಮುಗಿದಿದೆ. ಗಾರ್ಸಿಯಾ 1970ರ ದಶಕದ ಕೊನೆಯಲ್ಲಿ ದಿವಾಳಿಯಾಯಿತು. ಅದರ ಹೆಸರು ಆಬು ಜೊತೆ ಸೇರಿ ಆಬು ಗಾರ್ಸಿಯಾ ಆಗಿ ಉಳಿಯಿತು. ಮಿಚೆಲ್ ಕೂಡ ಕೈಯಿಂದ ಕೈಗೆ ದಾಟಿ, ಕೊನೆಗೆ ಅಮೆರಿಕದ ಪ್ಯೂರ್ ಫಿಶಿಂಗ್ ಕಂಪನಿಯ ಹಲವು ಹೆಸರುಗಳಲ್ಲಿ ಒಂದಾಯಿತು. ಹಳೆಯ 300ಕ್ಕೆ ಇಂದು ಸ್ಪ್ರಿಂಗ್ ಅಥವಾ ಹಲ್ಲುಚಕ್ರ ಬೇಕೆಂದರೆ ಸಾಮಾನ್ಯವಾಗಿ ಅದು ಇನ್ನೊಂದು 300ರ ಹೊಟ್ಟೆಯಿಂದಲೇ ಬರಬೇಕು. ಹಾಗಾಗಿ ಕೊಳ್ಳುವವರು ಕೇಳಿಕೊಳ್ಳಬೇಕಾದ ಪ್ರಶ್ನೆ ಬೆಲೆಯದ್ದು ಮಾತ್ರವಲ್ಲ: ಕೈಯಲ್ಲಿರುವುದು ಉಳಿಸಬೇಕಾದ ರೀಲೋ, ಇನ್ನೊಂದನ್ನು ಉಳಿಸಲು ಬಿಚ್ಚಬೇಕಾದ ರೀಲೋ? ಎರಡಕ್ಕೂ ಬೆಲೆ ಇದೆ. ಆದರೆ ಎರಡನೆಯದಕ್ಕೆ ಮೊದಲನೆಯದರ ಹಣ ಕೊಡಬಾರದು. ಒಳ್ಳೆಯ ರೀಲನ್ನು ಅವಸರದಲ್ಲಿ ಬಿಚ್ಚಲೂಬಾರದು, ಕ್ಲೂಸ್‌ನ ಅಂಥ ರೀಲುಗಳಲ್ಲಿ ಒಂದು ಅಲ್ಲಿಗೆ ಕಡಿಮೆಯಾಗುತ್ತದೆ.